ಯಾರೋ ಉಟ್ಟ ಸೀರೆ

ಕ್ರಿಸ್ತಜಯಂತಿಯ ನಾಟಕ ಆಡಿಸುವುದೆಂದರೆ ಒಂದು ಮದುವೆ ಮಾಡಿದಷ್ಟು ಕೆಲಸ. ಗಬ್ರಿಯೇಲ ದೂತನ ಪಾತ್ರಕ್ಕೆ ನಾಲ್ಕು ಮನೆಗಳವರು ಜಗಳವಾಡುತ್ತಾರೆ, ಕುರಿಗಾಹಿಯ ಪಾತ್ರಕ್ಕೆ ಒಬ್ಬರೂ ಸಿಗುವುದಿಲ್ಲ. ಮಾತು ಬಾಯಿಪಾಠವಾಗುವ ಹೊತ್ತಿಗೆ ಮಕ್ಕಳಿಗೆ ನೆಗಡಿ ಬಂದಿರುತ್ತದೆ. ಇಷ್ಟೆಲ್ಲ ದಾಟಿದ ಮೇಲೆ ಉಡುಪಿನ ಚಿಂತೆ. 2018ರ ಡಿಸೆಂಬರಿನಲ್ಲಿ ನಾನು ಧಾರವಾಡ ಜಿಲ್ಲೆಯ ಒಂದು ಸಣ್ಣ ಧರ್ಮಕೇಂದ್ರದಲ್ಲಿದ್ದೆ. ಅಲ್ಲಿಯವರೆಗೆ ಹಾಸಿಗೆಯ ಚಾದರವನ್ನೇ ಸುತ್ತಿಕೊಂಡು ಬೆತ್ಲೆಹೇಮಿಗೆ ಹೋಗುತ್ತಿದ್ದ ನಮ್ಮ ಮೂವರು ಜ್ಞಾನಿಗಳು ಆ ವರ್ಷ ಹಟ ಹಿಡಿದರು. ರಾಜರೆಂದರೆ ರಾಜರ ಹಾಗೆ ಇರಬೇಕಂತೆ. ಅಣ್ಣಿಗೇರಿಯಲ್ಲಿ ನಾಟಕದ ಡ್ರೆಸ್ ಬಾಡಿಗೆಗೆ ಕೊಡುವ ಒಬ್ಬ ಹಿರಿಯರಿದ್ದಾರೆ ಎಂದು ಯಾರೋ ಹೇಳಿದರು. ಅಲ್ಲಿಗೆ ಹೊರಟೆ.

ಹುಬ್ಬಳ್ಳಿಯಿಂದ ಗದಗಿಗೆ ಹೋಗುವ ರೈಲಿನಲ್ಲಿ ಅಣ್ಣಿಗೇರಿ ಸಿಗುತ್ತದೆ. ಚಾಲುಕ್ಯರ ಕಾಲದ ಅಮೃತೇಶ್ವರ ದೇವಾಲಯವಿರುವ ಊರು. ಸುತ್ತ ಎರೆ ಹೊಲ, ಕಡಲೆ, ಹತ್ತಿ, ಮೆಣಸಿನಕಾಯಿ. ಆದಿಕವಿ ಪಂಪನ ತಾಯಿ ಅಬ್ಬಣಬ್ಬೆ ಇಲ್ಲಿಯ ಜೋಯಿಸ ಸಿಂಘನ ಮೊಮ್ಮಗಳೆಂದು ಶಾಸನವಿದೆ. ಆದ್ದರಿಂದ ಭಾರತದ ಕಥೆ ಈ ಊರಿಗೆ ಒಂದು ಬಗೆಯಲ್ಲಿ ತವರಿನ ಕಥೆ. ಪಕ್ಕದ ಗದಗಿನಲ್ಲಿ 1870ರ ದಶಕದಲ್ಲೇ ಶಾಂತಕವಿಗಳು ಕನ್ನಡ ನಾಟಕ ಮಂಡಳಿ ಕಟ್ಟಿದ್ದರು. ಅಂದಿನಿಂದ ಈ ಸೀಮೆಗೆ ಹಿಡಿದ ನಾಟಕದ ಹುಚ್ಚು ಬಿಟ್ಟಿಲ್ಲ. ಸುಗ್ಗಿ ಮುಗಿದು ಜಾತ್ರೆಗಳು ಶುರುವಾದವೆಂದರೆ ಹಳ್ಳಿ ಹಳ್ಳಿಗಳಲ್ಲಿ ನಾಟಕ. ಗಂಡು ಪಾತ್ರಗಳನ್ನು ಊರ ಹುಡುಗರೇ ಮಾಡುತ್ತಾರೆ. ಪೇಟಿ ಮಾಸ್ತರರು, ಪರದೆ, ಡ್ರೆಸ್ ಹೊರಗಿನಿಂದ ಬರುತ್ತವೆ. ಹೆಣ್ಣು ಪಾತ್ರಕ್ಕೆ ಗದಗ, ಹುಬ್ಬಳ್ಳಿ ಕಡೆಯಿಂದ ಕಲಾವಿದೆಯರನ್ನು ಕರೆಸುತ್ತಾರೆ. ಸಂಜೆಯ ಬಸ್ಸಿಗೆ ಬಂದು, ರಾತ್ರಿಯೆಲ್ಲ ಹಾಡಿ ಕುಣಿದು ಅತ್ತು, ಬೆಳಗಿನ ಬಸ್ಸಿಗೆ ಹೊರಟುಬಿಡುವ ಹೆಣ್ಣುಮಕ್ಕಳು. ಮರುದಿನ ಬೇರೆ ಊರು, ಬೇರೆ ಪಾತ್ರ.

ನಾನು ಹುಡುಕಿಕೊಂಡು ಹೋದ ಮನೆಗೆ ಬೋರ್ಡು ಇರಲಿಲ್ಲ. ಮುಂದಿನ ಪಡಸಾಲೆಯಲ್ಲಿ ಹೊಲಿಗೆ ಯಂತ್ರ, ಹಿಂದಿನ ಕೋಣೆಯಲ್ಲಿ ಟ್ರಂಕುಗಳ ಸಾಲು, ನುಸಿಗುಳಿಗೆಯ ವಾಸನೆ. ಗೋಡೆಯ ಮೊಳೆಗಳಿಗೆ ಟೋಪನ್ನುಗಳು, ಗಡ್ಡಗಳು, ಒಂದು ಗದೆ. ಎಪ್ಪತ್ತು ದಾಟಿದ ಯಜಮಾನರು ಕನ್ನಡಕದ ಮೇಲಿಂದ ನನ್ನನ್ನು ನೋಡಿ, “ಬರ್ರಿ ಫಾದರ್, ಕುಂದರ್ರಿ” ಎಂದರು. ಬಂದ ಕಾರಣ ಹೇಳಿದೆ. ರಾಜರು ಮೂವರು, ಹೆರೋದ ಒಬ್ಬ, ಸೈನಿಕರು ನಾಲ್ವರು. ದೇವದೂತನಿಗೆ ರೆಕ್ಕೆ ಬೇಕಿತ್ತು ಎಂದಾಗ ಅವರು ಸ್ವಲ್ಪ ಯೋಚಿಸಿದರು.

“ದೇವದೂತಂದು ಇಲ್ರಿ. ಗರುಡಂದು ಅದಾವು. ನಡೀತಾವೇನ ನೋಡ್ರಿ.”

ನಡೆದವು. ಆ ವರ್ಷ ಗಬ್ರಿಯೇಲ ದೂತನು ಗರುಡನ ರೆಕ್ಕೆಯಲ್ಲೇ ಬಂದು ಶುಭಸಂದೇಶ ತಿಳಿಸಿದ. ಹೆರೋದನಿಗೆ ದುರ್ಯೋಧನನ ಅಂಗಿ ಅಳತೆ ಮಾಡಿಸಿದ ಹಾಗೆ ಕೂತಿತು. ಆ ಅಂಗಿಯನ್ನು ತಿರುಗಿಸಿ ನೋಡಿದೆ. ಎದೆಯ ಮೇಲೆ ಮಖಮಲ್ಲು, ಜರಿ, ಚಮಕಿ. ಬೆನ್ನಿಗೆ ಬರೀ ಅಗ್ಗದ ಹತ್ತಿ ಬಟ್ಟೆ, ಅದನ್ನು ಬಿಗಿ ಮಾಡಲು ಸಡಿಲ ಮಾಡಲು ಲಾಡಿ. “ಕುಂತ ಮಂದಿ ರಾಜನ ಬೆನ್ನ ನೋಡೂದಿಲ್ರಿ” ಎಂದು ಅವರು ನಕ್ಕರು. ಒಂದೇ ಅಂಗಿ ದಪ್ಪ ದುರ್ಯೋಧನನಿಗೂ ಆಗಬೇಕು, ಸಣಕಲು ದುರ್ಯೋಧನನಿಗೂ ಆಗಬೇಕು. ಒಳಗೆ ಹೆಚ್ಚಿನ ಬಟ್ಟೆ ಮಡಚಿ ಹೊಲಿದಿರುತ್ತಾರೆ. ಮಖಮಲ್ಲನ್ನು ಒಗೆಯಲಾಗದು, ಬಿಸಿಲಿಗೆ ಹಾಕಿ ಬ್ರಶ್ಶಿನಿಂದ ಕೊಡವುತ್ತಾರೆ. ಒಳಗಿನ ಅಸ್ತರವನ್ನು ಮಾತ್ರ ಬಿಚ್ಚುವಂತೆ ಹೊಲಿದು, ಪ್ರತಿ ನಾಟಕವಾದ ಮೇಲೆ ಒಗೆದು ಮತ್ತೆ ಹಚ್ಚುತ್ತಾರೆ. ಬೆವರು ಹಿಡಿಯುವುದು ಅಸ್ತರ, ಚಪ್ಪಾಳೆ ಬೀಳುವುದು ಮಖಮಲ್ಲಿಗೆ.

ಪಡಸಾಲೆಯ ತುಂಬ ಸೀರೆಗಳು ಹರಡಿದ್ದವು. ಹಳದಿ ಸೀರೆಯ ತುದಿಗೆ ಹಸಿರು, ಹಸಿರಿನ ತುದಿಗೆ ಕೆಂಪು, ಹೀಗೆ ಒಂದಕ್ಕೊಂದು ಜೋಡಿಸಿ ಹೊಲಿಯುತ್ತಿದ್ದರು. ಇಷ್ಟು ಉದ್ದದ್ದು ಯಾರಿಗೆ ಎಂದು ಕೇಳಿದೆ.

“ದ್ರೌಪದಿಗ್ರಿ.”

ವಸ್ತ್ರಾಪಹರಣದ ದೃಶ್ಯವನ್ನು ಹೇಗೆ ಮಾಡುತ್ತಾರೆಂದು ಅವರು ವಿವರಿಸಿದರು. ಮೊದಲು ಒಳಗೊಂದು ಸೀರೆ. ಅದರ ನಿರಿಗೆಯನ್ನು ಲಂಗಕ್ಕೆ ಸೇರಿಸಿ ಹೊಲಿಯುತ್ತಾರೆ. ಸೆರಗನ್ನು ಹೆಗಲಲ್ಲಿ ಮತ್ತು ಬೆನ್ನಿನಲ್ಲಿ ಕುಪ್ಪಸಕ್ಕೆ ಎರಡೆಳೆ ದಾರದಿಂದ ಹೊಲಿಯುತ್ತಾರೆ. ಪಿನ್ನನ್ನು ಅವರು ನಂಬುವುದಿಲ್ಲ. ಅದರ ಮೇಲೆ ಈ ಉದ್ದನೆಯ ಸೀರೆಯನ್ನು ಗಂಟಿಲ್ಲದೆ ಸಡಿಲವಾಗಿ ಸುತ್ತಿ, ತುದಿಯನ್ನು ದುಶ್ಯಾಸನನ ಕೈಗೆ ಸಿಗುವಂತೆ ಬಿಡುತ್ತಾರೆ. ಅವನು ಎಳೆದಂತೆ ಆಕೆ ತಿರುಗುತ್ತಾಳೆ, ಬಣ್ಣದ ಮೇಲೆ ಬಣ್ಣ ಹೊರಬರುತ್ತದೆ, ಜನ ಕೈಮುಗಿಯುತ್ತಾರೆ.

“ದುಶ್ಯಾಸನ ಹಳ್ಳಿ ಹುಡುಗ ಇರ್ತಾನ್ರಿ. ಮಂದಿ ಸೀಟಿ ಹೊಡದ್ರ ಹುಮ್ಮಸ್ಸಿನ್ಯಾಗ ಎಲ್ಲಿ ಕೈ ಹಾಕ್ತಾನೋ ಅಂವಗ ಗೊತ್ತಿರೂದಿಲ್ಲ. ಕೃಷ್ಣನ ಪಾತ್ರದಾಂವ ಹೊತ್ತಿಗೆ ಸರಿಯಾಗಿ ಬರ್ತಾನೋ ಇಲ್ಲೋ. ಒಳಗಿನ ಸೀರಿ ಮಾತ್ರ ಅಂವ ಎಷ್ಟ ಜಗ್ಗಿದ್ರೂ ಬರಬಾರದು. ಅದು ನಂದು.”

ಮೈಮೇಲೆ ಹೊಲಿಯುವ ಕೆಲಸ ಅವರ ಹೆಂಡತಿಯದು. ಅದಕ್ಕಾಗಿಯೇ ಆ ತಾಯಿ ಹಳ್ಳಿಗಳಿಗೆ ಜೊತೆಯಲ್ಲಿ ಹೋಗುತ್ತಾರೆ. ಬಣ್ಣ ಹಚ್ಚುವ ಸಾಲೆಯ ಕೋಣೆಗೆ ಪರದೆ ಕಟ್ಟಿ, ಇವರು ಸೂಜಿಗೆ ದಾರ ಪೋಣಿಸಿ ಒಳಗೆ ಕೊಟ್ಟು, ಬಾಗಿಲಿಗೆ ಬೆನ್ನು ಮಾಡಿ ಕೂರುತ್ತಾರೆ. ಇನ್ನೊಂದು ಮಾತು ಹೇಳಿದರು. ನಾಟಕದ ನಡುವೆ ಮೆಚ್ಚಿದ ಮಂದಿ ವೇದಿಕೆ ಹತ್ತಿ ಕಲಾವಿದೆಯ ಸೀರೆಗೆ ಬಹುಮಾನದ ನೋಟು ಚುಚ್ಚುವುದುಂಟು. ಚುಚ್ಚುವ ನೆಪದಲ್ಲಿ ಕೈ ಆಡುವುದೂ ಉಂಟು. ಹೀಗಾಗಿ ಇವರು ಪ್ರತಿ ಸೀರೆಯ ಜೊತೆಗೆ ತೋಳಿನ ಮೇಲೆ ಜೋತುಬೀಳುವ ಒಂದು ಬಣ್ಣದ ಪಟ್ಟಿ ಕೊಡುತ್ತಾರೆ. ನೋಟು ಏನಿದ್ದರೂ ಅದಕ್ಕೆ ಚುಚ್ಚಬೇಕು.

ನಾನು ಗುರುಮಠದಲ್ಲಿ ಏಳೆಂಟು ವರ್ಷ ತತ್ವಶಾಸ್ತ್ರ, ದೈವಶಾಸ್ತ್ರ ಓದಿದವನು. ಆದಿಕಾಂಡದ ಮೂರನೆಯ ಅಧ್ಯಾಯವನ್ನು ಎಷ್ಟು ಬಾರಿ ವಿವರಿಸಿದ್ದೇನೋ ಲೆಕ್ಕವಿಲ್ಲ. ಆ ಅಧ್ಯಾಯದ ಕೊನೆಯಲ್ಲಿ ಒಂದು ಸಣ್ಣ ಸಂಗತಿ ಬರುತ್ತದೆ, ಶಾಪದ ಗದ್ದಲದಲ್ಲಿ ನಾವು ಅದನ್ನು ದಾಟಿ ಹೋಗುತ್ತೇವೆ. ಆದಾಮ ಏವಳನ್ನು ತೋಟದಿಂದ ಹೊರಗೆ ಕಳಿಸುವ ಮೊದಲು ದೇವರು ತಾನೇ ಚರ್ಮದ ಅಂಗಿಗಳನ್ನು ಮಾಡಿ ಅವರಿಗೆ ತೊಡಿಸುತ್ತಾರೆ. ತಪ್ಪು ಮಾಡಿದವರನ್ನು ಹೊರಗಟ್ಟುವಾಗಲೂ ಬೆತ್ತಲೆ ಕಳಿಸಲಿಲ್ಲ. ಅಣ್ಣಿಗೇರಿಯ ಆ ಪಡಸಾಲೆಯಲ್ಲಿ ಕೂತಾಗ ಆ ಮಾತು ನನಗೆ ಮೊದಲ ಬಾರಿಗೆ ಅರ್ಥವಾದಂತೆ ತೋರಿತು.

ಹೊರಡುವಾಗ ಯಜಮಾನರು, “ಮರಿಯಮ್ಮಗ ಯಾವ ಬಣ್ಣಾರಿ?” ಎಂದರು. ತಿಳಿ ನೀಲಿ ಎಂದೆ. ಅವರ ಹೆಂಡತಿ ಒಳಗೆ ಹೋಗಿ ಒಂದು ಸೀರೆ ತಂದರು. ಆಕಾಶದ ಬಣ್ಣ, ಅಂಚಿಗೆ ಬೆರಳಗಲದ ಜರಿ, ಒಗೆದು ಇಸ್ತ್ರಿ ಮಾಡಿದ್ದು. ಅದನ್ನು ಬೇರೆಯಾಗಿ ಕಾಗದದಲ್ಲಿ ಸುತ್ತಿ ದಾರ ಕಟ್ಟಿಕೊಟ್ಟರು.

ಊರಿಗೆ ಬಂದು ಟ್ರಂಕು ತೆರೆದಾಗ ಮಕ್ಕಳ ಸಂಭ್ರಮ ಹೇಳತೀರದು. ಎರಡು ದಿನದ ಮೇಲೆ ಮರಿಯಮ್ಮನ ಪಾತ್ರ ಮಾಡುವ ಹುಡುಗಿಯ ತಾಯಿ ನನ್ನ ಬಳಿ ಬಂದರು. ಒಳ್ಳೆಯ ಹೆಂಗಸು, ಪ್ರತಿದಿನ ಬಲಿಪೂಜೆಗೆ ಬರುವವರು. ಹಿಂಜರಿಯುತ್ತಲೇ ಕೇಳಿದರು: “ಫಾದರ್, ಈ ಸೀರೆ ನಾಟಕದ ಹೆಂಗಸರು ಉಟ್ಟದ್ದಲ್ಲವೇ? ಮಗಳಿಗೆ ಮದುವೆಯ ವಯಸ್ಸು. ಅದೂ ಮಾತೆ ಮರಿಯಮ್ಮನವರ ಪಾತ್ರ...”

ನಾನು ಏನೋ ಸಮಾಧಾನ ಹೇಳಿದೆ. ಸಂಜೆಗೆ ಇನ್ನೂ ಎರಡು ಮನೆಯವರು ಅದೇ ಮಾತು ಆಡಿದರು. ಮರುದಿನ ಹುಬ್ಬಳ್ಳಿಗೆ ಹೋಗಿ ಹೊಸದೊಂದು ನೀಲಿ ಸೀರೆ ಕೊಂಡು ತಂದೆ. ಕಾಗದದ ಕಟ್ಟನ್ನು ಬಿಚ್ಚದೆ ಟ್ರಂಕಿನ ತಳಕ್ಕೆ ಇಟ್ಟೆ. ನಾಟಕ ಚೆನ್ನಾಗಿ ಆಯಿತು.

ಆಗ ನಾನು ನನಗೇ ಹೇಳಿಕೊಂಡ ಸಮರ್ಥನೆ ಸಂತ ಪೌಲರದ್ದು. ವಿಗ್ರಹಗಳಿಗೆ ಅರ್ಪಿಸಿದ ಮಾಂಸವನ್ನು ತಿನ್ನಬಹುದೇ ಎಂದು ಕೊರಿಂಥದವರು ಕೇಳಿದಾಗ ಪೌಲರು, ಮಾಂಸದಲ್ಲಿ ದೋಷವಿಲ್ಲ, ಆದರೆ ನಾನು ತಿನ್ನುವುದರಿಂದ ದುರ್ಬಲ ಮನಸ್ಸಿನ ಸಹೋದರನು ಎಡವುವುದಾದರೆ ನನಗೆ ಆ ಮಾಂಸ ಬೇಡ ಎಂಬ ಅರ್ಥದ ಉತ್ತರ ಕೊಟ್ಟರು. ಹಾಗೆಯೇ ಸೀರೆಯಲ್ಲಿ ದೋಷವಿಲ್ಲ, ಆದರೂ ಹಬ್ಬದ ದಿನ ಯಾರ ಮನಸ್ಸೂ ಕೆಡಬಾರದು ಎಂದುಕೊಂಡೆ. ತರ್ಕ ಅಚ್ಚುಕಟ್ಟಾಗಿತ್ತು. ತಪ್ಪು ಎಲ್ಲಿದೆ ಎಂದು ಕಂಡುಕೊಳ್ಳಲು ನನಗೆ ಕೆಲವು ವಾರ ಬೇಕಾಯಿತು.

ಮೊದಲು ಆ ತಾಯಿಯ ಮಾತನ್ನು ಗೌರವದಿಂದಲೇ ನೋಡೋಣ. ಬಟ್ಟೆಗೆ ಉಟ್ಟವರ ಗುಣ ಅಂಟುತ್ತದೆ ಎಂಬುದು ಮೂಢನಂಬಿಕೆ ಎಂದು ತಳ್ಳಿಹಾಕುವುದು ಸುಲಭ. ಆದರೆ ಸಂತರು ತೊಟ್ಟ ಬಟ್ಟೆಯ ಚೂರನ್ನು ನಾವು ಗಾಜಿನ ಪೆಟ್ಟಿಗೆಯಲ್ಲಿಟ್ಟು ಮುತ್ತಿಡುತ್ತೇವೆ. ಪಾವಿತ್ರ್ಯ ಅಂಟುವುದಾದರೆ ಪಾಪವೂ ಯಾಕೆ ಅಂಟಬಾರದು? ದೈವಶಾಸ್ತ್ರ ಇದಕ್ಕೆ ಕೊಡುವ ಉತ್ತರ ಸರಳವಾದದ್ದು. ಪಾಪ ಇಚ್ಛೆಯಲ್ಲಿರುತ್ತದೆ, ನೂಲಿಗೆ ಇಚ್ಛೆಯಿಲ್ಲ. ಸಂತರ ಬಟ್ಟೆಯನ್ನು ನಾವು ಗೌರವಿಸುವುದು ಅವರ ಮೇಲಿನ ಪ್ರೀತಿಯಿಂದ, ಅವರ ಮೂಲಕ ಕೆಲಸ ಮಾಡಿದ ದೇವರ ನೆನಪಿನಿಂದ. ಬಟ್ಟೆ ತಾನಾಗಿ ಏನನ್ನೂ ಹೊತ್ತು ತರುವುದಿಲ್ಲ. ಯಾಜಕಕಾಂಡದ ನಿಯಮದಂತೆ ರಕ್ತಸ್ರಾವದ ಹೆಂಗಸು ಮುಟ್ಟಿದ್ದೆಲ್ಲ ಮೈಲಿಗೆ. ಅಂಥವಳೊಬ್ಬಳು ಜನರ ನಡುವೆ ನುಸುಳಿ ಬಂದು ಯೇಸುಸ್ವಾಮಿಯ ಉಡುಪಿನ ಅಂಚನ್ನು ಮುಟ್ಟಿದಳು. ನಿಯಮದ ಪ್ರಕಾರ ಆ ಉಡುಪು ಮೈಲಿಗೆಯಾಗಬೇಕಿತ್ತು. ಆದದ್ದು ಅದಕ್ಕೆ ವಿರುದ್ಧ, ವಾಸಿಯಾದದ್ದು ಅವಳು.

ಇನ್ನೂ ಹತ್ತಿರದ ಉದಾಹರಣೆ ಬೇಕೆಂದರೆ ನನ್ನದೇ ಇದೆ. ನಾನು ಬಲಿಪೂಜೆಗೆ ತೊಡುವ ಪೂಜಾವಸ್ತ್ರಗಳು ನನ್ನ ಸ್ವಂತದ್ದಲ್ಲ. ನನಗಿಂತ ಮೊದಲು ಆ ಧರ್ಮಕೇಂದ್ರದಲ್ಲಿದ್ದ ಎಷ್ಟೋ ಗುರುಗಳು ತೊಟ್ಟು ಬಿಟ್ಟವು. ಅವರೆಲ್ಲ ಎಂಥ ಮನುಷ್ಯರಾಗಿದ್ದರು? ಸಿಟ್ಟಿನವರು, ಜಿಪುಣರು, ಅದಕ್ಕಿಂತ ದೊಡ್ಡ ತಪ್ಪಿನವರೂ ಇದ್ದಿರಬಹುದು. ಯಾವ ತಾಯಿಯೂ ಬಂದು, ಫಾದರ್, ಈ ವಸ್ತ್ರವನ್ನು ಯಾರು ತೊಟ್ಟಿದ್ದರು ಎಂದು ನನ್ನನ್ನು ಕೇಳಿಲ್ಲ. ಕೇಳಬಾರದು ಎಂದೇ ಧರ್ಮಸಭೆ ತೀರ್ಮಾನಿಸಿದೆ. ಗುರು ಪಾಪಿಯಾದರೆ ಅವನು ಕೊಟ್ಟ ಸಂಸ್ಕಾರವೂ ಕೆಟ್ಟಿತು ಎಂದು ಆಫ್ರಿಕಾದ ದೊನಾತನ ಪಂಗಡದವರು ವಾದಿಸಿದಾಗ ಸಂತ ಅಗಸ್ಟೀನರು ವರ್ಷಗಟ್ಟಲೆ ಅದನ್ನು ಎದುರಿಸಿ ಬರೆದರು. 411ರಲ್ಲಿ ಕಾರ್ಥೇಜಿನಲ್ಲಿ ಎರಡೂ ಕಡೆಯ ನೂರಾರು ಧರ್ಮಾಧ್ಯಕ್ಷರು ಎದುರುಬದುರಾಗಿ ಕೂತು ವಾದಿಸಿದರು. ಗುರುವಿನ ಬಟ್ಟೆಗೆ ನಾವು ಕೊಟ್ಟ ಈ ಕ್ಷಮೆ ಕಲಾವಿದೆಯ ಸೀರೆಗೆ ಯಾಕಿಲ್ಲ?

ಅದಿರಲಿ, ಅದೇ ಟ್ರಂಕಿನಲ್ಲಿ ದುರ್ಯೋಧನನ ಅಂಗಿ ಇತ್ತಲ್ಲ. ಕೊರಳಪಟ್ಟಿಗೆ ಬೀಡಿಯ ವಾಸನೆಯೂ ಇತ್ತು. ಯಾವ ಯಾವ ಊರಿನ ಯಾವ ಯಾವ ಗಂಡಸು ಅದನ್ನು ತೊಟ್ಟಿದ್ದನೋ, ತೊಡುವ ಮೊದಲು ಏನು ಕುಡಿದಿದ್ದನೋ ಬಲ್ಲವರಾರು! ನಮ್ಮ ಒಳ್ಳೆಯ ಮನೆಗಳ ಮೂವರು ಹುಡುಗರು ಅಂಥ ಅಂಗಿಗಳನ್ನು ತೊಟ್ಟು ಬಾಲಯೇಸುವಿಗೆ ಕಾಣಿಕೆ ಕೊಟ್ಟರು. ಅವರ ತಾಯಂದಿರು ಫೋಟೋ ತೆಗೆಸಿದರು. ಹಾಗಾದರೆ ಪ್ರಶ್ನೆ ಬಟ್ಟೆಯದಾಗಿರಲೇ ಇಲ್ಲ.

ನಮ್ಮ ಈ ಸೀಮೆಯ ರಂಗಭೂಮಿಯ ಕಥೆಯೇ ಇದಕ್ಕೆ ಸಾಕ್ಷಿ. ಕುಂದಗೋಳದ ರಾಮಭಾವು, ಎಂದರೆ ಸವಾಯಿ ಗಂಧರ್ವರು (1886-1952), ಮರಾಠಿ ಸಂಗೀತ ನಾಟಕಗಳಲ್ಲಿ ಸೀರೆಯುಟ್ಟು ಸ್ತ್ರೀಪಾತ್ರ ಮಾಡಿ ಹೆಸರಾದವರು. ಬಾಲಗಂಧರ್ವರು ಉಟ್ಟ ಸೀರೆಯ ರೀತಿಯನ್ನು ಮರ್ಯಾದಸ್ಥ ಮನೆಗಳ ಹೆಂಗಸರೇ ಅನುಕರಿಸಿದರು. ಸವದತ್ತಿ ಸೀಮೆಯ ಏಣಗಿ ಬಾಳಪ್ಪನವರು ಮೊದಲು ಹೆಣ್ಣು ಪಾತ್ರ ಮಾಡಿ, ಮುಂದೆ ಬಸವಣ್ಣನ ಪಾತ್ರದಿಂದ ಮನೆಮಾತಾದರು. ಗಂಡಸು ಸೀರೆ ಉಟ್ಟಾಗ ಅದು ಕಲೆ. ಹೆಂಗಸೇ ಬಂದು ತನ್ನ ಸೀರೆ ತಾನು ಉಟ್ಟು ವೇದಿಕೆಯ ಮೇಲೆ ನಿಂತಾಗ ಊರಿನ ಬಾಯಿಗೆ ಬೇರೆ ಮಾತು ಬಂದಿತು. ಸವಾಯಿ ಗಂಧರ್ವರ ಶಿಷ್ಯೆ, ಹುಬ್ಬಳ್ಳಿಯಿಂದ ರೈಲಿನಲ್ಲಿ ಕುಂದಗೋಳಕ್ಕೆ ಹೋಗಿ ಪಾಠ ಕಲಿತ ಗಂಗೂಬಾಯಿ ಹಾನಗಲ್ಲರು ಒಂದು ನೋವು ಹೇಳಿಕೊಳ್ಳುತ್ತಿದ್ದರು: ಹಾಡುವ ಗಂಡಸರು ಪಂಡಿತರಾಗುತ್ತಾರೆ, ಉಸ್ತಾದರಾಗುತ್ತಾರೆ, ಹೆಂಗಸು ಎಷ್ಟು ಹಾಡಿದರೂ ಬಾಯಿಯಾಗಿಯೇ ಉಳಿಯುತ್ತಾಳೆ ಎಂದು.

ನಮ್ಮ ಧರ್ಮಸಭೆಯ ನೆನಪೂ ಈ ವಿಷಯದಲ್ಲಿ ಎರಡು ಮನಸ್ಸಿನದು. ಎರಡನೆಯ ಮೂರನೆಯ ಶತಮಾನದ ತೆರ್ತುಲ್ಲಿಯನರಿಗೆ ನಾಟಕವೆಂದರೆ ಆಗದು, ವೇಷವೆಲ್ಲ ಸುಳ್ಳು. ಸಾವಿರ ವರ್ಷದ ನಂತರ ಸಂತ ಥಾಮಸ್ ಅಕ್ವಿನಾಸರು ಶಾಂತವಾಗಿ ಯೋಚಿಸಿ, ಮನುಷ್ಯನಿಗೆ ವಿನೋದ ಬೇಕು, ಅದನ್ನು ಕೊಡುವ ನಟನ ವೃತ್ತಿ ತನ್ನಷ್ಟಕ್ಕೆ ಪಾಪವಲ್ಲ, ಅವರಿಗೆ ಹದವರಿತು ಕೂಲಿ ಕೊಡುವುದು ನ್ಯಾಯ ಎಂದು ಬರೆದರು. ಜಗದ್ಗುರು ಎರಡನೆಯ ಜಾನ್ ಪಾಲರು ಯುವಕರಾಗಿದ್ದಾಗ, 1941ರಲ್ಲಿ, ನಾಜಿಗಳ ಕಣ್ಣು ತಪ್ಪಿಸಿ ಕ್ರಾಕೋವಿನ ಮನೆಗಳೊಳಗೆ ನಾಟಕ ಆಡುತ್ತಿದ್ದ ತಂಡದ ನಟರು. ಇದನ್ನು ನಾನೇ ಪ್ರಸಂಗಗಳಲ್ಲಿ ಹೆಮ್ಮೆಯಿಂದ ಹೇಳಿದ್ದೇನೆ. ಪೋಪರು ನಟರಾಗಿದ್ದದ್ದು ನಮಗೆ ಹೆಮ್ಮೆ. ಗದಗಿನ ಬಸ್ಸಿಗೆ ಬಂದು ಬೆಳಗಿನ ತನಕ ದ್ರೌಪದಿಯಾಗಿ, ಮನೆಯ ಖರ್ಚಿಗೆ ನಾಲ್ಕು ಕಾಸು ಒಯ್ಯುವ ಹೆಣ್ಣುಮಗಳು ಉಟ್ಟ ಸೀರೆ ನಮಗೆ ಮೈಲಿಗೆ.

ಆಕೆಯನ್ನು ನಾವು ಯಾರೂ ನೋಡಿಯೇ ಇರಲಿಲ್ಲ. ಹೆಸರು ಗೊತ್ತಿಲ್ಲ. ಮಾಡಿದ ತಪ್ಪು ಏನೆಂದು ಕೇಳಿದರೆ ಒಬ್ಬರಿಗೂ ಹೇಳಲು ಬರುತ್ತಿರಲಿಲ್ಲ. ಡ್ರೆಸ್ ಕೊಡುವ ಯಜಮಾನರ ಲೆಕ್ಕದ ಪುಸ್ತಕವನ್ನು ನಾನು ನೋಡಿದ್ದೆ. ಅದರಲ್ಲಿ ಉಟ್ಟವರ ಹೆಸರು ಇರುವುದಿಲ್ಲ. ‘ದುರ್ಯೋಧನ ಅಂಗಿ 1, ಶಕುನಿ ಶಾಲು 1’ ಹೀಗೆ ಪಾತ್ರದ ಹೆಸರು ಮಾತ್ರ. ಬೆಳಗಿನ ಜಾವ ಎಲ್ಲ ವಾಪಸು ಬಂದ ಮೇಲೆ ಅದರ ಮೇಲೊಂದು ಗೀಟು. ರಾಜ ಮುಗಿದ, ಶಕುನಿ ಮುಗಿದ, ಇನ್ನು ಅವರವರ ಅಂಗಿ ತೊಟ್ಟು ಅವರವರ ಹೊಲಕ್ಕೆ ಹೋಗಬಹುದು. ದುರ್ಯೋಧನನ ಪಾತ್ರ ಮಾಡಿದ ಹುಡುಗನನ್ನು ಮರುದಿನ ಯಾರೂ ದುಷ್ಟನೆಂದು ಬೈಯುವುದಿಲ್ಲ. ಕುಣಿದು ನಗಿಸಿದ ಹೆಂಗಸಿಗೆ ಮಾತ್ರ ವೇಷವನ್ನು ವಾಪಸು ಕೊಡಲು ಊರು ಬಿಡುವುದಿಲ್ಲ. ಬೆಳಗಿನ ಬಸ್ಸಿನಲ್ಲಿ ಸಾದಾ ಸೀರೆಯುಟ್ಟು ಕೂತಿದ್ದರೂ ನೋಡುವ ಕಣ್ಣಿಗೆ ಆಕೆ ಇನ್ನೂ ರಾತ್ರಿಯ ವೇಷದಲ್ಲೇ ಇರುತ್ತಾಳೆ.

ಪೌಲರ ಮಾತನ್ನು ನಾನು ಎಲ್ಲಿ ತಪ್ಪಾಗಿ ಬಳಸಿದೆ ಎಂಬುದು ಇಲ್ಲಿ ತಿಳಿಯಿತು. ಪೌಲರು ಬಿಟ್ಟುಕೊಟ್ಟದ್ದು ತಮ್ಮ ಊಟವನ್ನು. ಅದರಿಂದ ಮಾಂಸಕ್ಕೇನೂ ನಷ್ಟವಾಗಲಿಲ್ಲ. ನಾನು ಬಿಟ್ಟುಕೊಟ್ಟದ್ದು ಇನ್ನೊಬ್ಬರ ಮರ್ಯಾದೆಯನ್ನು. ದುರ್ಬಲ ಸಹೋದರರೆಂದು ನಾನು ಕಾಪಾಡಲು ಹೊರಟದ್ದು ನನ್ನ ಧರ್ಮಕೇಂದ್ರದ ಬಲವಾದ ಮೂರು ಮನೆಗಳವರನ್ನು. ನಿಜವಾಗಿ ಬಲವಿಲ್ಲದವಳು ಅಲ್ಲಿರಲೇ ಇಲ್ಲ, ಅವಳ ಸೀರೆ ಮಾತ್ರ ಇತ್ತು. ಆ ತಾಯಿಯೊಡನೆ ಕೂತು ಇಷ್ಟು ಮಾತಾಡಲು ನನಗೆ ಒಂದು ಗಂಟೆ ಸಾಕಿತ್ತು. ಅವರು ಒಪ್ಪುತ್ತಿದ್ದರೇನೋ. ಹುಬ್ಬಳ್ಳಿಗೆ ಹೋಗಿಬರಲು ಅದಕ್ಕಿಂತ ಹೆಚ್ಚು ಹೊತ್ತು ಹಿಡಿದಿತ್ತು.

ಜನವರಿಯಲ್ಲಿ, ಬನದ ಹುಣ್ಣಿಮೆಗೆ ಮುಂಚೆ, ಟ್ರಂಕು ವಾಪಸು ಕೊಡಲು ಅಣ್ಣಿಗೇರಿಗೆ ಹೋದೆ. ಯಜಮಾನರು ಪುಸ್ತಕ ತೆರೆದು ಒಂದೊಂದೇ ಎಣಿಸಿ ಗೀಟು ಹಾಕುತ್ತ ಬಂದರು. ರಾಜರ ಅಂಗಿ, ಕಿರೀಟ, ಸೈನಿಕರ ಪಟ್ಟಿ, ಗರುಡನ ರೆಕ್ಕೆ ಒಂದು ಜೊತೆ. ಕೊನೆಗೆ ಕಾಗದದ ಕಟ್ಟು ಕೈಗೆ ಬಂತು. ದಾರದ ಗಂಟು ಅವರದೇ. ಅದನ್ನೊಮ್ಮೆ ನೋಡಿ ನನ್ನನ್ನು ನೋಡಿದರು.

“ಉಟ್ಟಿಲ್ಲೇನ್ರಿ?”

“ಯಾರೋ ಒಬ್ಬರು ಹೊಸ ಸೀರೆ ಕಾಣಿಕೆ ಕೊಟ್ಟರು” ಎಂದೆ. ಜೀವನವೆಲ್ಲ ವೇಷ ಹೊಲಿದ ಆ ಮನುಷ್ಯ ನನ್ನೊಂದಿಗೆ ಒಂದೂ ಸುಳ್ಳಾಡಿರಲಿಲ್ಲ.

ಅವರು ಮತ್ತೇನೂ ಕೇಳಲಿಲ್ಲ. ಸೀರೆಯ ಬಾಡಿಗೆಯನ್ನು ಲೆಕ್ಕದಿಂದ ಹೊಡೆದುಹಾಕಿದರು. ನಾನು ಬೇಡವೆಂದು ಹಣ ಮುಂದೆ ಮಾಡಿದೆ. “ಉಡದ ಸೀರಿಗೆ ರೊಕ್ಕ ಹೆಂಗ ತಗೊಳ್ಲಿರಿ” ಎಂದು ಹಿಂದಕ್ಕೆ ಸರಿಸಿದರು. ಅವರ ಹೆಂಡತಿ ಕಟ್ಟು ಬಿಚ್ಚಿ ಸೀರೆಯನ್ನು ತೊಡೆಯ ಮೇಲೆ ಹರಡಿಕೊಂಡರು. ಹೆಗಲ ಮೇಲೆ ಬರುವ ಜಾಗದಲ್ಲಿ ಸೂಜಿ ತೂರಿ ತೂರಿ ಆದ ಸಣ್ಣ ತೂತುಗಳ ಸಾಲು ಆಗ ನನ್ನ ಕಣ್ಣಿಗೆ ಬಿತ್ತು. ನಾನು ನೋಡುತ್ತಿರುವುದನ್ನು ಗಮನಿಸಿ ಆ ತಾಯಿ ಹೇಳಿದರು:

“ದ್ರೌಪದಿ ಒಳಗಿನ ಸೀರಿರಿ ಇದು. ಮೊನ್ನೆ ಮರಿಯಮ್ಮಗ ಅಂದ್ರೆಲ್ಲ, ಅದಕ್ಕ ಇದನ್ನ ಕೊಟ್ಟಿದ್ದೆ.”

ಸೋಮವಾರ ರೋಣದ ಕಡೆಯ ಒಂದು ಹಳ್ಳಿಯಲ್ಲಿ ನಾಟಕವಿತ್ತಂತೆ. ಸವೆದ ಜಾಗಕ್ಕೆ ಒಳಗಿನಿಂದ ಒಂದು ಪಟ್ಟಿ ಕೊಟ್ಟು ಹೊಲಿಯಬೇಕೆಂದು ಅವರು ಸೂಜಿಗೆ ದಾರ ಪೋಣಿಸಿ ಕೊಡಲು ಗಂಡನಿಗೆ ಹೇಳಿದರು. ಯಜಮಾನರು ಕನ್ನಡಕ ಸರಿಮಾಡಿಕೊಂಡು ಬೆಳಕಿನ ಕಡೆ ತಿರುಗಿದರು.